ಉತ್ತರದ ಜೊತೆ ಉಮೇದನ್ನೂ ಅಳೆಯುವ ಪರೀಕ್ಷೆಗಳು

ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಕೊಡುವುದು ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರಿಗೆ ಹೊಸದೇನಲ್ಲ. ಜೆಇಇ ಮೇನ್ 2019ರಿಂದ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ. ಕಾಮೆಡ್‌-ಕೆ ಕೂಡ ಹಾಗೆಯೇ. ಎಂಜಿನಿಯರಿಂಗ್ ಕಾಲೇಜುಗಳಿಗೆ ಕ್ಯಾಂಪಸ್ ಸೆಲೆಕ್ಷನ್‌ಗೆ ಬರುವ ಎಷ್ಟೋ ಕಂಪನಿಗಳು ಮೊದಲ ಸುತ್ತನ್ನು ಸ್ಕ್ರೀನ್ ಮೇಲೆಯೇ ಮುಗಿಸುತ್ತವೆ.

ಈಗ ಗೊಂದಲ ಎದ್ದಿರುವುದು ಬೇರೆ ಕಾರಣಕ್ಕೆ. ಕೆಲವು ಪರೀಕ್ಷೆಗಳು ಉತ್ತರ ಸರಿಯೋ ತಪ್ಪೋ ಎಂದು ನೋಡಿ ಸುಮ್ಮನಾಗುತ್ತಿಲ್ಲ. ‘ಈ ಲೆಕ್ಕ ನಿನಗೆ ಹಿಡಿಸಿತಾ?’, ‘ಎಷ್ಟು ಪ್ರಯತ್ನಪಟ್ಟೆ?’, ‘ಕಷ್ಟ ಅನ್ನಿಸಿದಾಗ ಬಿಟ್ಟುಬಿಡುತ್ತೀಯಾ?’ ಎಂದೂ ಕೇಳುತ್ತಿವೆ. ಹದಿನೈದು ವರ್ಷದ ಮಕ್ಕಳಿಗಾಗಿ ಒಇಸಿಡಿ ಎಂಬ ಹಲವು ದೇಶಗಳ ಸಂಘಟನೆ ನಡೆಸುವ ಪಿಸಾ ಪರೀಕ್ಷೆಯ 2025ರ ಸುತ್ತಿನಲ್ಲಿ ‘ಡಿಜಿಟಲ್ ಜಗತ್ತಿನಲ್ಲಿ ಕಲಿಕೆ’ ಎಂಬ ಹೊಸ ಭಾಗ ಸೇರಿದೆ. ಮಗು ಸಮಸ್ಯೆ ಬಿಡಿಸಿತೇ ಎಂಬುದರ ಜೊತೆಗೆ, ಬಿಡಿಸುವಾಗ ತನ್ನ ಉಮೇದನ್ನು ಹೇಗೆ ಕಾಪಾಡಿಕೊಂಡಿತು ಎಂಬುದನ್ನೂ ಅಲ್ಲಿ ನೋಡುತ್ತಾರೆ. ನಮ್ಮಲ್ಲಿ ಎನ್‌ಸಿಇಆರ್‌ಟಿಯ ಮೌಲ್ಯಮಾಪನ ವಿಭಾಗವಾದ ಪರಖ್ ರೂಪಿಸಿದ ಸಮಗ್ರ ಪ್ರಗತಿ ಪತ್ರದಲ್ಲಿ ಮಗು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪುಟಗಳಿವೆ. ಕಂಪನಿಗಳ ಆನ್‌ಲೈನ್ ಟೆಸ್ಟ್‌ಗಳಲ್ಲಿ ಸ್ವಭಾವ, ಮನೋಭಾವ ಅಳೆಯುವ ‘ಸೈಕೋಮೆಟ್ರಿಕ್’ ಎಂಬ ಸುತ್ತು ಮೊದಲಿನಿಂದಲೂ ಇದೆ.

ಇದನ್ನೆಲ್ಲ ಓದಿದ ಪಾಲಕರಿಗೆ ಕೆಲವು ಪ್ರಶ್ನೆ ಏಳುವುದು ಸಹಜ. ಇದಕ್ಕೂ ಮಾರ್ಕ್ಸ್ ಇದೆಯಾ? ಮನಸ್ಸಿನಲ್ಲಿರುವುದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ? ಇಷ್ಟಕ್ಕೂ ಇದು ಯಾಕೆ ಬೇಕು? ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ.

ಎರಡು ಸೊನ್ನೆ, ಎರಡು ಕಾರಣ

2012ರ ಪಿಸಾದಲ್ಲಿ ಸಮಸ್ಯೆ ಬಿಡಿಸುವ ಸಾಮರ್ಥ್ಯಕ್ಕೇ ಒಂದು ಕಂಪ್ಯೂಟರ್ ಪರೀಕ್ಷೆ ಇತ್ತು. 44 ದೇಶ ಮತ್ತು ಪ್ರಾಂತ್ಯಗಳ ಸುಮಾರು 85,000 ಮಕ್ಕಳು ಬರೆದರು. ಅದರ ಒಂದು ಪ್ರಶ್ನೆ ಬಹಳ ಹೆಸರಾಗಿದೆ. ಮನೆಗೆ ಹೊಸ ಏರ್ ಕಂಡಿಷನರ್ ಬಂದಿದೆ, ಆದರೆ ಅದರ ಜೊತೆ ಮಾಹಿತಿ ಪುಸ್ತಕ ಇಲ್ಲ. ಸ್ಕ್ರೀನ್ ಮೇಲೆ ಮೂರು ಗುಂಡಿಗಳಿವೆ, ಯಾವುದು ಏನು ಮಾಡುತ್ತದೆ ಎಂದು ಬರೆದಿಲ್ಲ. ಗುಂಡಿ ಸರಿಸಿ ಒತ್ತಿದರೆ ಕೋಣೆಯ ಉಷ್ಣತೆ, ತೇವ ಎರಡರ ಗೆರೆಯೂ ಏರುತ್ತದೆ, ಇಳಿಯುತ್ತದೆ, ಅಥವಾ ಇದ್ದಲ್ಲೇ ಇರುತ್ತದೆ. ಯಾವ ಗುಂಡಿ ಯಾವುದನ್ನು ಬದಲಿಸುತ್ತದೆ ಎಂದು ಮಗು ತಾನೇ ಕಂಡುಹಿಡಿದು, ಗುಂಡಿಗೂ ಅದು ಬದಲಿಸುವುದಕ್ಕೂ ನಡುವೆ ಗೆರೆ ಎಳೆದು ತೋರಿಸಬೇಕು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಯಾರೂ ಏನೂ ಹೇಳಿಕೊಡದೆ ಸ್ವಿಚ್ ಬೋರ್ಡ್ ಮುಂದೆ ನಿಲ್ಲಿಸಿದರೆ ಹೇಗೋ, ಹಾಗೆ.

ಈಗ ಇಬ್ಬರು ಮಕ್ಕಳನ್ನು ಇಟ್ಟುಕೊಳ್ಳಿ. ಒಬ್ಬಳು ಹತ್ತು ಹನ್ನೆರಡು ಸಲ ಗುಂಡಿಗಳನ್ನು ಬೇರೆ ಬೇರೆ ರೀತಿ ಸರಿಸಿ ನೋಡಿದಳು, ಕೊನೆಗೆ ಒಂದು ಗೆರೆ ತಪ್ಪಾಗಿ ಎಳೆದಳು. ಇನ್ನೊಬ್ಬ ಒಂದು ಸಲ ಒತ್ತಿ, ಏನೋ ಒಂದು ಗೆರೆ ಎಳೆದು ಮುಂದಕ್ಕೆ ಹೋದ. ಇಬ್ಬರ ಉತ್ತರವೂ ತಪ್ಪು, ಇಬ್ಬರಿಗೂ ಸೊನ್ನೆ ಎಂದುಕೊಳ್ಳೋಣ. ಆದರೆ ಮೊದಲನೆಯವಳಿಗೆ ಬೇಕಿರುವುದು ಪ್ರಯೋಗ ಮಾಡುವ ಕ್ರಮವನ್ನು ಹೇಳಿಕೊಡುವ ಮಾಸ್ತರು. ಎರಡನೆಯವನಿಗೆ ಆ ಪ್ರಶ್ನೆಯ ಮುಂದೆ ಕೂರುವ ಮನಸ್ಸೇ ಇರಲಿಲ್ಲ. ಅವನಿಗೆ ಅದು ಬರುತ್ತದೋ ಇಲ್ಲವೋ ಎಂದು ಆ ಸೊನ್ನೆ ಹೇಳುವುದೇ ಇಲ್ಲ. ಅಂಕಪಟ್ಟಿ ಮಾತ್ರ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಎಲ್ಲರೂ ಜೀವ ಹಿಡಿದುಕೊಂಡೇ ಬರೆಯುತ್ತಾರೆ. ಸಮೀಕ್ಷೆಗಾಗಿ ನಡೆಯುವ ಪರೀಕ್ಷೆಗಳ ಕಥೆ ಬೇರೆ. ಅದರಲ್ಲಿ ಪಾಸು ಫೇಲು ಇಲ್ಲ, ಮಗುವಿನ ಕೈಗೆ ಫಲಿತಾಂಶವೂ ಬರುವುದಿಲ್ಲ. ಹೀಗಿರುವಾಗ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಮಗುವಿಗೆ ಅನ್ನಿಸಿದರೆ ಅದನ್ನು ತಪ್ಪು ಎನ್ನಲಾಗದು.

ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡಬಲ್ಲದು ಎಂದು ತೋರಿಸಿದ ಒಂದು ಅಧ್ಯಯನ 2019ರಲ್ಲಿ ಬಂತು. ಅಮೆರಿಕ ಮತ್ತು ಶಾಂಘೈನ ಹೈಸ್ಕೂಲ್ ಮಕ್ಕಳಿಗೆ 25 ಗಣಿತದ ಪ್ರಶ್ನೆ ಕೊಟ್ಟರು. ಕೆಲವರಿಗೆ ಪರೀಕ್ಷೆ ಶುರುವಾಗುವ ಮೊದಲು ಹಣದ ಲಕೋಟೆ ಕೊಟ್ಟು, ತಪ್ಪಾದ ಅಥವಾ ಬಿಟ್ಟ ಒಂದೊಂದು ಪ್ರಶ್ನೆಗೂ ಇಷ್ಟು ಹಣ ವಾಪಸ್ ಎಂದರು. ಓದಿಕೊಳ್ಳಲು ಸಮಯವೇ ಇರಲಿಲ್ಲ, ಹಾಗಾಗಿ ಜ್ಞಾನ ಜಾಸ್ತಿಯಾಗುವ ಮಾತೇ ಇಲ್ಲ. ಆದರೂ ಅಮೆರಿಕದ ಮಕ್ಕಳ ಅಂಕ ಏರಿತು. ಶಾಂಘೈ ಮಕ್ಕಳಲ್ಲಿ ಅಂಥ ಏರಿಕೆ ಕಾಣಲಿಲ್ಲ, ಯಾಕೆಂದರೆ ಅವರು ಹಣವಿಲ್ಲದೆಯೂ ಪೂರ್ತಿ ಶ್ರಮ ಹಾಕುತ್ತಿದ್ದರು. ಎರಡು ದೇಶಗಳ ಅಂಕದ ಅಂತರದಲ್ಲಿ ಒಂದಷ್ಟು ಪಾಲು ಕಲಿಕೆಯದ್ದಲ್ಲ, ಆ ಹೊತ್ತಿನ ಪ್ರಯತ್ನದ್ದು ಎಂದಾಯಿತು.

ನಮಗೂ ಇದರ ಬಿಸಿ ತಟ್ಟಿದೆ. ‘ಪಿಸಾ 2009’ರ ಮುಂದುವರಿದ ಸುತ್ತಿನಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿದ್ದವು. 74 ದೇಶ, ಪ್ರಾಂತ್ಯಗಳಲ್ಲಿ 72, 73ನೇ ಸ್ಥಾನ ಬಂತು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊರಗಿನವು ಎಂದು ಸರ್ಕಾರ ಹೇಳಿತು, ಕಲಿಕೆಯೇ ಕಳಪೆ ಎಂದು ಟೀಕಾಕಾರರು ಹೇಳಿದರು. ಆ ಜಗಳ ಬಗೆಹರಿಯಲೇ ಇಲ್ಲ. ಬಗೆಹರಿಯದಿರಲು ಒಂದು ಸರಳ ಕಾರಣವಿದೆ: ಅದು ಕಾಗದದ ಪರೀಕ್ಷೆ. ಯಾವ ಪ್ರಶ್ನೆಯ ಮುಂದೆ ಮಗು ಎಷ್ಟು ಹೊತ್ತು ಕೂತಿತು, ಎಲ್ಲಿ ಕೈಬಿಟ್ಟಿತು ಎಂಬ ಗುರುತು ಕಾಗದದ ಮೇಲೆ ಉಳಿಯುವುದಿಲ್ಲ.

ಕೇಳುವುದು ಒಂದು ದಾರಿ

ಉಮೇದನ್ನು ತಿಳಿಯುವ ಹಳೆಯ ದಾರಿ ನೇರವಾಗಿ ಕೇಳುವುದು. 2012ರ ಪಿಸಾ ಪರೀಕ್ಷೆಯ ಜೊತೆಗಿನ ಪ್ರಶ್ನಾವಳಿಯಲ್ಲಿ ‘ಸಮಸ್ಯೆ ಎದುರಾದರೆ ಬೇಗ ಕೈಬಿಡುತ್ತೇನೆ’, ‘ಕಷ್ಟದ ಸಮಸ್ಯೆಗಳನ್ನು ಮುಂದೂಡುತ್ತೇನೆ’ ಎಂಬ ಅರ್ಥದ ಹೇಳಿಕೆಗಳಿದ್ದವು. ಪ್ರತಿಯೊಂದೂ ತನಗೆ ಎಷ್ಟು ಹೊಂದುತ್ತದೆ ಎಂದು ಮಗು ಗುರುತು ಹಾಕಬೇಕು.

ಅದಕ್ಕಿಂತ ಚುರುಕಾದ ಇನ್ನೊಂದು ಬಗೆಯೂ ಅಲ್ಲೇ ಇತ್ತು. ನಿನ್ನ ಫೋನಿನಿಂದ ವಾರಗಟ್ಟಲೆ ಮೆಸೇಜ್ ಕಳಿಸುತ್ತಿದ್ದೆ, ಇವತ್ತು ಹೋಗುತ್ತಿಲ್ಲ. ಏನು ಮಾಡುತ್ತೀಯ? ಇರುವ ಗುಂಡಿಗಳನ್ನೆಲ್ಲ ಒತ್ತಿ ನೋಡುತ್ತೀಯಾ, ಏನಾಗಿರಬಹುದು ಎಂದು ಮೊದಲು ಯೋಚಿಸುತ್ತೀಯಾ, ಮಾಹಿತಿ ಪುಸ್ತಕ ತೆಗೆಯುತ್ತೀಯಾ, ಗೆಳೆಯರನ್ನು ಕೇಳುತ್ತೀಯಾ? ಇಲ್ಲಿ ‘ನೀನು ಛಲದವನಾ?’ ಎಂದು ಕೇಳುತ್ತಿಲ್ಲ. ಒಂದು ಸನ್ನಿವೇಶ ಕೊಟ್ಟು ಅವನು ಹಿಡಿಯುವ ದಾರಿಯನ್ನು ನೋಡುತ್ತಿದ್ದಾರೆ. ನನ್ನ ಲೆಕ್ಕದಲ್ಲಿ ಈ ಬಗೆ ಹೆಚ್ಚು ಪ್ರಾಮಾಣಿಕ, ಏಕೆಂದರೆ ತನ್ನನ್ನು ತಾನು ಹೊಗಳಿಕೊಳ್ಳುವ ಅವಕಾಶ ಇಲ್ಲಿ ಕಡಿಮೆ.

ಯಾವಾಗ ಕೇಳುತ್ತಾರೆ ಎಂಬುದೂ ಮುಖ್ಯ. ವರ್ಷಕ್ಕೊಮ್ಮೆ ‘ನಿನಗೆ ಗಣಿತ ಇಷ್ಟವಾ’ ಎಂದು ಕೇಳಿದರೆ ಬರುವ ಉತ್ತರ ಬೇರೆ, ಈಗ ಕಣ್ಣೆದುರು ಇರುವ ಈ ಲೆಕ್ಕದ ಬಗ್ಗೆ ಕೇಳಿದರೆ ಬರುವ ಉತ್ತರ ಬೇರೆ. ಜರ್ಮನಿಯ ಫಾಲ್ಕೊ ರೈನ್‌ಬರ್ಗ್, ರೆಜಿನಾ ಫೊಲ್‌ಮಾಯರ್ ಮತ್ತು ಜೊತೆಗಾರರು ಇದಕ್ಕೆಂದೇ 18 ಹೇಳಿಕೆಗಳ ಪಟ್ಟಿ ಮಾಡಿದರು. ಕೆಲಸ ಏನೆಂದು ವಿವರಿಸಿದ ಮೇಲೆ, ಕೈ ಹಚ್ಚುವ ಮೊದಲು ಅದನ್ನು ತುಂಬಿಸುತ್ತಾರೆ. ಗೆಲ್ಲುವ ಭರವಸೆ, ಸೋಲುವ ಭಯ, ಆಸಕ್ತಿ, ಸವಾಲು ಎಂಬ ನಾಲ್ಕನ್ನು ಅದು ಬೇರೆ ಬೇರೆಯಾಗಿ ಹಿಡಿಯುತ್ತದೆ. ಈ ಬೇರ್ಪಡಿಕೆ ಬಹಳ ಉಪಯೋಗದ್ದು. ಆಸಕ್ತಿ ಇದ್ದೂ ಸೋಲುವ ಭಯದಿಂದ ಹಿಂದೆ ಸರಿಯುವ ಮಗು, ಭಯವಿಲ್ಲದೆಯೂ ಬೇಸರದಿಂದ ಬಿಡುವ ಮಗು, ಇವರಿಬ್ಬರನ್ನೂ ‘ಉಮೇದಿಲ್ಲ’ ಎಂಬ ಒಂದೇ ಡಬ್ಬಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಜಪಾನಿನ ಒಗಟು

ಕೇಳಿ ತಿಳಿಯುವುದರ ದೊಡ್ಡ ತೊಡಕು 2012ರ ಪಿಸಾದಲ್ಲೇ ಸಿಕ್ಕಿಬಿತ್ತು. ಸಮಸ್ಯೆ ಬಿಡಿಸುವುದರಲ್ಲಿ ಸಿಂಗಪುರ, ಕೊರಿಯಾ, ಜಪಾನ್ ಮೊದಲ ಮೂರು ಸ್ಥಾನದಲ್ಲಿದ್ದವು. ಆದರೆ ‘ಪಟ್ಟು ಹಿಡಿದು ಕೂರುತ್ತೇನೆ’ ಎಂದು ತಮ್ಮ ಬಗ್ಗೆ ಹೇಳಿಕೊಳ್ಳುವುದರಲ್ಲಿ ಜಪಾನಿನ ಮಕ್ಕಳು ತೀರಾ ಕೆಳಗಿದ್ದರು. ಅಷ್ಟು ಚೆನ್ನಾಗಿ ಮಾಡಿದವರು ತಮ್ಮನ್ನು ಯಾಕೆ ಅಷ್ಟು ಕಡಿಮೆ ಅಂದುಕೊಂಡರು?

ಸಂಶೋಧಕರು ಕೊಡುವ ವಿವರಣೆ ಹೀಗಿದೆ. ಯಾರೂ ತಮ್ಮನ್ನು ಗಾಳಿಯಲ್ಲಿ ಅಳೆದುಕೊಳ್ಳುವುದಿಲ್ಲ, ಸುತ್ತಲಿನವರ ಜೊತೆ ಹೋಲಿಸಿಕೊಳ್ಳುತ್ತಾರೆ. ಸುತ್ತ ಎಲ್ಲರೂ ರಾತ್ರಿ ಹನ್ನೊಂದರವರೆಗೆ ಓದುವ ಕಡೆ ಹತ್ತಕ್ಕೆ ಪುಸ್ತಕ ಮುಚ್ಚುವವನಿಗೆ ತಾನು ಸೋಮಾರಿ ಅನ್ನಿಸುತ್ತದೆ. ಜೊತೆಗೆ ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂಬ ನಡವಳಿಕೆಯೂ ಸೇರುತ್ತದೆ. ಹೀಗಾಗಿ ಒಂದು ದೇಶದ ಒಳಗೆ ನೋಡಿದರೆ, ಪಟ್ಟು ಹಿಡಿಯುತ್ತೇನೆ ಎಂದವರ ಅಂಕ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ದೇಶ ದೇಶಗಳ ನಡುವೆ ಹೋಲಿಸಲು ಹೋದರೆ ಆ ಲೆಕ್ಕ ಕೈಕೊಡುತ್ತದೆ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಬೆಳಿಗ್ಗೆಯಿಂದ ರಾತ್ರಿವರೆಗೆ ಲೈಬ್ರರಿಯಲ್ಲಿ ಕೂರುವವರ ನಡುವೆ ಇರುವ ಹುಡುಗನಿಗೆ ತನ್ನ ಶ್ರಮ ಸಾಲದು ಅನ್ನಿಸಬಹುದು. ಹಳ್ಳಿಯಲ್ಲಿ ತಾನೊಬ್ಬಳೇ ಪಿಯುಸಿ ವಿಜ್ಞಾನ ತೆಗೆದುಕೊಂಡ ಹುಡುಗಿಗೆ ತನ್ನದು ಬಹಳ ಛಲ ಅನ್ನಿಸಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಗುರುತನ್ನೂ ಒಂದೇ ಪಟ್ಟಿಯಲ್ಲಿಟ್ಟು ರ‍್ಯಾಂಕ್ ಕೊಟ್ಟರೆ ಆ ಪಟ್ಟಿ ಸುಳ್ಳಾಗುತ್ತದೆ.

ಕ್ಲಿಕ್‌ಗಳ ಹೆಜ್ಜೆ ಗುರುತು

ಬಾಯಿ ಮಾತು ನಂಬಲಾಗದಿದ್ದರೆ ಕೈ ಮಾಡಿದ್ದನ್ನು ನೋಡೋಣ ಎಂಬುದು ಎರಡನೇ ದಾರಿ. ಕಂಪ್ಯೂಟರ್ ಪ್ರತಿ ಕ್ಲಿಕ್ಕನ್ನೂ ಸಮಯದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಅಮೆರಿಕದ ಸ್ಟೀವನ್ ವೈಸ್ ಮತ್ತು ಶಿಯಾವ್‌ಜಿಂಗ್ ಕಾಂಗ್ 2005ರಲ್ಲಿ ಕೊಟ್ಟ ಅಳತೆ ತುಂಬಾ ಸರಳ. ಒಂದು ಪ್ರಶ್ನೆಯನ್ನು ಓದಲಿಕ್ಕೇ ಹತ್ತು ಸೆಕೆಂಡ್ ಬೇಕು ಎಂದಿದ್ದಾಗ ಮಗು ಮೂರು ಸೆಕೆಂಡಿನಲ್ಲಿ ಉತ್ತರ ಒತ್ತಿದರೆ ಅದು ಓದಿ ಕೊಟ್ಟ ಉತ್ತರ ಅಲ್ಲ. ಹಾಗೆ ಒತ್ತಿದ ಉತ್ತರಗಳಲ್ಲಿ ಸರಿಯಾದವು ಎಷ್ಟು ಎಂದು ನೋಡಿದರೆ, ಕಣ್ಣು ಮುಚ್ಚಿ ಒತ್ತಿದರೆ ಸಿಗುವಷ್ಟೇ. ಅಂಥ ಪ್ರಶ್ನೆಗಳನ್ನು ಬಿಟ್ಟು ಉಳಿದವುಗಳ ಪಾಲನ್ನು ಮಗುವಿನ ಪ್ರಯತ್ನದ ಅಳತೆ ಎಂದು ತೆಗೆದುಕೊಳ್ಳುತ್ತಾರೆ.

ಇದರ ಮೇಲೆ ಕಟ್ಟಿದ ಒಂದು ಒಳ್ಳೆಯ ಉಪಯೋಗವೂ ಇದೆ. ಮಗು ಸತತವಾಗಿ ಓದದೆ ಒತ್ತುತ್ತಿದ್ದರೆ ಕಂಪ್ಯೂಟರೇ ಒಂದು ಸೂಚನೆ ತೋರಿಸುತ್ತದೆ, ಮಗು ಮತ್ತೆ ಗಮನ ಕೊಡುವ ಸಾಧ್ಯತೆ ಹೆಚ್ಚುತ್ತದೆ. ಅಳತೆ ಇಲ್ಲಿ ಮಗುವಿಗೇ ನೆರವಾಗುತ್ತದೆ.

ಏರ್ ಕಂಡಿಷನರ್ ಪ್ರಶ್ನೆಯಂಥದ್ದರಲ್ಲಿ ಇನ್ನೂ ಹೆಚ್ಚು ಕಾಣುತ್ತದೆ. ಒಂದು ಸಲಕ್ಕೆ ಒಂದೇ ಗುಂಡಿ ಸರಿಸಿ, ಉಳಿದವನ್ನು ಮುಟ್ಟದೆ ನೋಡಿದ ಮಕ್ಕಳು ಆ ಪ್ರಶ್ನೆಯಲ್ಲೂ ಒಟ್ಟು ಪರೀಕ್ಷೆಯಲ್ಲೂ ಮುಂದಿದ್ದರು ಎಂದು ಆ ದಾಖಲೆಗಳನ್ನು ಜಾಲಾಡಿದವರು ತೋರಿಸಿದ್ದಾರೆ. ಉತ್ತರ ತಪ್ಪಿದವರಲ್ಲೂ ಯಾರು ಕ್ರಮವಾಗಿ ಹುಡುಕಿದರು, ಯಾರು ಸುಮ್ನೆ ಒತ್ತಿದರು ಎಂದು ಬೇರೆ ಮಾಡಬಹುದು.

ಆದರೆ ಸಮಯ ಒಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ವಯಸ್ಕರಿಗಾಗಿ ಒಇಸಿಡಿ ನಡೆಸುವ ಪಿಯಾಕ್ ಸಮೀಕ್ಷೆಯ ಮೇಲೆ 2014ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಕಂಪ್ಯೂಟರ್ ಮೇಲೆ ಸಮಸ್ಯೆ ಬಿಡಿಸುವಾಗ ಹೆಚ್ಚು ಹೊತ್ತು ತೆಗೆದುಕೊಂಡವರು ಸರಿ ಉತ್ತರದತ್ತ ಹೋಗುವುದು ಹೆಚ್ಚು ಎಂದು ಕಂಡುಬಂತು. ಓದುವ ಪ್ರಶ್ನೆಗಳಲ್ಲಿ ಇದಕ್ಕೆ ತದ್ವಿರುದ್ಧ: ಹೆಚ್ಚು ಹೊತ್ತು ಎಂದರೆ ತಡವರಿಕೆ. ಅಂದರೆ ಅದೇ ಎರಡು ನಿಮಿಷ ಒಂದು ಕಡೆ ಶ್ರಮದ ಗುರುತು, ಇನ್ನೊಂದು ಕಡೆ ಕಷ್ಟದ ಗುರುತು.

ಹಾವೇರಿಯ ಲ್ಯಾಬಿನಲ್ಲಿ ಕೂತಾಗ

ಇಲ್ಲಿಂದ ಮುಂದಿನದು ನಮಗೆ ಎಲ್ಲಕ್ಕಿಂತ ಮುಖ್ಯ. ಈ ಅಳತೆಗಳನ್ನು ಕಟ್ಟಿದ್ದು ಚಿಕ್ಕಂದಿನಿಂದ ಕೀಬೋರ್ಡು, ಮೌಸು ಮುಟ್ಟಿ ಬೆಳೆದ ಮಕ್ಕಳ ನಡುವೆ. ಅದನ್ನೇ ತಂದು ಹಾವೇರಿ ಅಥವಾ ಗದಗ ಜಿಲ್ಲೆಯ ಹಳ್ಳಿಯ ಹೈಸ್ಕೂಲಿನಲ್ಲಿ ಇಟ್ಟರೆ ಏನಾಗಬಹುದು?

ಒಂದು ಕಂಪ್ಯೂಟರ್ ಮುಂದೆ ಮೂರ್ನಾಲ್ಕು ಮಕ್ಕಳು ಕೂರುವ ಲ್ಯಾಬನ್ನು ಊಹಿಸಿಕೊಳ್ಳಿ. ಮೌಸು ಒಬ್ಬರ ಕೈಯಲ್ಲಿ, ಉಳಿದವರು ನೋಡುವವರು. ಮನೆಯಲ್ಲಿ ಅಪ್ಪನ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ರೂಢಿಯಾದ ಹುಡುಗಿಗೆ ಮೌಸಿನಿಂದ ಗುಂಡಿಯನ್ನು ಹಿಡಿದು ಎಳೆಯುವುದೇ ಒಂದು ಕಸರತ್ತು. ಎಳೆದ ಗುಂಡಿ ಜಾರುತ್ತದೆ, ಮತ್ತೆ ಎಳೆಯುತ್ತಾಳೆ, ತಪ್ಪಿ ‘ಮುಂದೆ’ ಒತ್ತಿಬಿಡುತ್ತಾಳೆ. ದಾಖಲೆಯಲ್ಲಿ ಉಳಿಯುವುದು ಏನು? ‘ಒಮ್ಮೆ ಪ್ರಯತ್ನಿಸಿ ಮುಂದಕ್ಕೆ ಹೋದಳು.’ ಸ್ವಂತ ಫೋನ್ ಹುಡುಗಿಯರಿಗಿಂತ ಹುಡುಗರಿಗೇ ಹೆಚ್ಚು ಸಿಗುತ್ತದೆ ಎಂದು ಹಳ್ಳಿ ಮಕ್ಕಳ ಕಲಿಕೆಯನ್ನು ನೋಡುವ ಅಸರ್ ಸಮೀಕ್ಷೆಗಳು ಹೇಳುತ್ತಿವೆ. ಹಾಗಾಗಿ ಈ ತಪ್ಪು ಓದು ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ, ಹುಡುಗಿಯರ ಮೇಲೆ ಜಾಸ್ತಿ ಬೀಳುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ‘ಮುಟ್ಟಬೇಡ, ಕೆಟ್ಟುಹೋಗುತ್ತೆ’ ಎಂಬ ಮಾತು ಕೇಳದೆ ನಮ್ಮ ಲ್ಯಾಬುಗಳಲ್ಲಿ ಯಾವ ಮಗುವೂ ಬೆಳೆದಿರಲಿಕ್ಕಿಲ್ಲ. ಇರುವ ನಾಲ್ಕು ಮಷಿನ್‌ಗಳಲ್ಲಿ ಒಂದು ಕೆಟ್ಟರೆ ರಿಪೇರಿಗೆ ತಿಂಗಳುಗಟ್ಟಲೆ ಕಾಯಬೇಕು ಎಂಬ ಚಿಂತೆ ಮಾಸ್ತರರಿಗೂ ಇರುತ್ತದೆ, ಅವರನ್ನು ದೂರಿ ಫಲವಿಲ್ಲ. ಆದರೆ ಹಾಗೆ ಬೆಳೆದ ಮಗುವಿನ ಮುಂದೆ ಮೂರು ಗುಂಡಿ ಇಟ್ಟು ‘ಏನು ಬೇಕಾದರೂ ಒತ್ತಿ ನೋಡು’ ಎಂದರೆ ಕೈ ಹಿಂಜರಿಯುತ್ತದೆ. ಅದು ಒಂದೇ ಸಲ, ಎಚ್ಚರದಿಂದ ಒತ್ತುತ್ತದೆ. ಅಳತೆ ಮಾಡುವವನಿಗೆ ಅದು ಕಡಿಮೆ ಪ್ರಯತ್ನ, ಕಡಿಮೆ ಕುತೂಹಲ. ನಿಜದಲ್ಲಿ ಅದು ಕಲಿಸಿದ ಶಿಸ್ತು. ಎಷ್ಟು ಸಲ ಪ್ರಯೋಗ ಮಾಡಿದ ಎಂಬ ಎಣಿಕೆಯನ್ನು ಉಮೇದಿನ ಅಳತೆ ಎಂದು ತೆಗೆದುಕೊಳ್ಳುವ ಮೊದಲು, ಪ್ರಯೋಗ ಮಾಡಲು ಆ ಮಗುವಿಗೆ ಯಾವತ್ತಾದರೂ ಬಿಟ್ಟಿದ್ದರಾ ಎಂದು ಕೇಳಲೇಬೇಕು.

ಭಾಷೆಯ ತೊಡಕು, ನಡುವೆ ಹೋಗುವ ಕರೆಂಟು, ಇವೂ ದಾಖಲೆಯ ಸಮಯವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ.

ಯಾರ ವಾದ ಏನು

ಅಳೆಯಬೇಕು ಎನ್ನುವವರ ವಾದ ಗಟ್ಟಿಯಾಗಿದೆ. ಪ್ರಯತ್ನವೇ ಇಲ್ಲದ ಅಂಕಗಳನ್ನು ಸೇರಿಸಿ ಜಿಲ್ಲೆಯ ಸರಾಸರಿ ತೆಗೆದರೆ, ಕಲಿಕೆ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ. ಆ ಸರಾಸರಿ ನೋಡಿ ಸರ್ಕಾರ ಹಣ ಹಾಕುತ್ತದೆ, ತರಬೇತಿ ನಡೆಸುತ್ತದೆ. ರೋಗ ಒಂದು, ಮದ್ದು ಇನ್ನೊಂದು ಆಗುತ್ತದೆ.

ಬೇಡ ಎನ್ನುವವರು ಎರಡು ಮಾತು ಹೇಳುತ್ತಾರೆ. ಒಂದು, ನಡುನಡುವೆ ‘ಹೇಗನ್ನಿಸುತ್ತಿದೆ’ ಎಂದು ಕೇಳಿದರೆ ಮಗುವಿನ ಯೋಚನೆಯ ಎಳೆ ಕಡಿಯುತ್ತದೆ. ಅಷ್ಟೇ ಅಲ್ಲ, ‘ಸೋಲುತ್ತೇನೆ ಅನ್ನಿಸುತ್ತಿದೆಯಾ’ ಎಂಬ ಪ್ರಶ್ನೆಯೇ ಇಲ್ಲದ ಭಯವನ್ನು ಎಬ್ಬಿಸಬಹುದು. ಇನ್ನೊಂದು, ಪಾಠ ಸರಿಯಿಲ್ಲದಿರುವುದನ್ನು ಮಗುವಿನ ಮನೋಭಾವದ ಮೇಲೆ ಹೊರಿಸಲು ಇದೊಂದು ಸುಲಭದ ನೆಪವಾಗುತ್ತದೆ. ಈ ಎರಡನೇ ಭಯ ನನಗೆ ಹೆಚ್ಚು ನಿಜ ಅನ್ನಿಸುತ್ತದೆ. ‘ಹುಡುಗರಿಗೆ ಇಂಟರೆಸ್ಟೇ ಇಲ್ಲ’ ಎಂಬ ಮಾತು ನಮ್ಮಲ್ಲಿ ಈಗಾಗಲೇ ಎಷ್ಟು ಸಲೀಸಾಗಿ ಬರುತ್ತದೆ, ಅಲ್ವಾ? ಅದಕ್ಕೆ ಕಂಪ್ಯೂಟರಿನ ಒಂದು ಅಂಕಿಯೂ ಸೇರಿಬಿಟ್ಟರೆ ಪ್ರಶ್ನಿಸುವವರೇ ಇರುವುದಿಲ್ಲ.

ಕೆಲಸಕ್ಕೆ ಆಯ್ಕೆ ಮಾಡುವ ಕಂಪನಿಗಳ ನಿಲುವು ಬೇರೆ. ಅವರಿಗೆ ಬೇಕಿರುವುದು ಒಬ್ಬೊಬ್ಬರ ಅಂಕ. ಆದರೆ ಮೇಲೆ ಹೇಳಿದ ಅಳತೆಗಳಿಗೆ ಗುಂಪಿನ ಬಗ್ಗೆ ಹೇಳುವ ಬಲ ಇರುವಷ್ಟು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡುವ ಬಲ ಇಲ್ಲ.

ಅಂಕವಾದ ದಿನವೇ ಅಳತೆ ಕೆಡುತ್ತದೆ

ಉಮೇದಿಗೆ ಮಾರ್ಕ್ಸ್ ಕೊಟ್ಟರೆ ಆಗುವುದನ್ನು ಊಹಿಸಲು ಕಷ್ಟಪಡಬೇಕಿಲ್ಲ. ‘ಕಷ್ಟ ಬಂದರೆ ಬಿಡುತ್ತೇನೆ’ ಎಂಬುದಕ್ಕೆ ‘ಇಲ್ಲವೇ ಇಲ್ಲ’ ಎಂದು ಗುರುತು ಹಾಕುವುದನ್ನು ಕೋಚಿಂಗ್ ಕ್ಲಾಸುಗಳು ಮೊದಲ ವಾರದಲ್ಲೇ ಕಲಿಸುತ್ತವೆ. ಸಮಯ ನೋಡುತ್ತಾರೆ ಎಂದು ಗೊತ್ತಾದರೆ, ಉತ್ತರ ಗೊತ್ತಿದ್ದರೂ ಅರ್ಧ ನಿಮಿಷ ಕಾದು ಒತ್ತು ಎಂಬ ಸಲಹೆ ಹೊರಡುತ್ತದೆ. ಗುಂಡಿ ಎಷ್ಟು ಸಲ ಸರಿಸಿದ ಎಂದು ಎಣಿಸುತ್ತಾರೆ ಎಂದಾದರೆ, ಬೇಕಿಲ್ಲದಿದ್ದರೂ ಹತ್ತು ಸಲ ಸರಿಸು ಎನ್ನುತ್ತಾರೆ. ಫೀ ಕಟ್ಟಬಲ್ಲವರ ಮಕ್ಕಳ ಉಮೇದು ಕಾಗದದ ಮೇಲೆ ಏರುತ್ತದೆ. ರಾಣೆಬೆನ್ನೂರಿನ ಆಚೆಯ ಹಳ್ಳಿಯಲ್ಲಿ ತನಗನ್ನಿಸಿದ್ದನ್ನು ಇದ್ದಂತೆ ಬರೆದ ಮಗು ಹಿಂದೆ ಬೀಳುತ್ತದೆ. ಪ್ರಾಮಾಣಿಕತೆಗೇ ದಂಡ ಬೀಳುತ್ತದೆ.

ಆದ್ದರಿಂದ ಈ ಅಳತೆಗಳು ಮಗುವಿನ ಹೆಸರಿನ ಮುಂದೆ ಬರುವ ಅಂಕವಾಗಬಾರದು. ಪರೀಕ್ಷೆಯ ಅಂಕವನ್ನು ಸರಿಯಾಗಿ ಓದಲು ನೆರವಾಗುವ ಮಾಹಿತಿಯಾಗಿ ಮಾತ್ರ ಉಳಿಯಬೇಕು. ಉದಾಹರಣೆಗೆ, ಒಂದು ತಾಲ್ಲೂಕಿನಲ್ಲಿ ಅರ್ಧದಷ್ಟು ಮಕ್ಕಳು ಅದೇ ಒಂದು ಪ್ರಶ್ನೆಯಲ್ಲಿ ಕೈಬಿಟ್ಟಿದ್ದರೆ ತಪ್ಪು ಮಕ್ಕಳದ್ದಾಗಿರುವುದು ಕಷ್ಟ. ಆ ಪ್ರಶ್ನೆಯ ಕನ್ನಡವನ್ನೋ ಅಲ್ಲಿನ ಲ್ಯಾಬನ್ನೋ ಹೋಗಿ ನೋಡಬೇಕು. ಈ ಬಗೆಯ ಪತ್ತೆಗೆ ಕಾಗದದ ಪರೀಕ್ಷೆ ಯಾವತ್ತೂ ದಾರಿ ಮಾಡಿಕೊಟ್ಟಿರಲಿಲ್ಲ. ಅದಕ್ಕಾಗಿಯೇ ಇದನ್ನು ಪೂರ್ತಿ ಬೇಡ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಆ ದಾಖಲೆ ಯಾರದು

ಕ್ಲಿಕ್ಕು, ಸಮಯ, ‘ಭಯವಾಗುತ್ತಿದೆ’ ಎಂಬ ಗುರುತು, ಇವೆಲ್ಲ ಮಗುವಿನ ಖಾಸಗಿ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು, ಮತ್ತು ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವಂತಿಲ್ಲ. 2025ರ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಚಟುವಟಿಕೆ ಮತ್ತು ಮಗುವಿನ ಸುರಕ್ಷತೆಯ ಮಟ್ಟಿಗೆ ವಿನಾಯಿತಿ ಇದೆ. ಆ ವಿನಾಯಿತಿಯ ಗಡಿ ಎಲ್ಲಿ ಎಂಬುದರ ಮೇಲೆ ಮುಂದಿನ ವರ್ಷಗಳ ಜಗಳ ನಡೆಯಲಿದೆ. ಪರೀಕ್ಷೆ ನಡೆಸಿಕೊಡುವ ಹೊರಗಿನ ಸಾಫ್ಟ್‌ವೇರ್ ಕಂಪನಿ ಆ ಮಾಹಿತಿಯನ್ನು ತನ್ನ ಬಳಿ ಇಟ್ಟುಕೊಂಡು ಇನ್ನೊಂದಕ್ಕೆ ಬಳಸಿದರೆ ಅದನ್ನು ಕಲಿಕೆಯ ಚಟುವಟಿಕೆ ಎಂದು ಕರೆಯಲು ಬರುವುದಿಲ್ಲ.

ಹಾಗಾಗಿ ನಿಮ್ಮ ಮಗುವಿನ ಶಾಲೆಗೆ ಇಂಥದ್ದೊಂದು ಪರೀಕ್ಷೆ ಬಂದಾಗ ಎಸ್‌ಡಿಎಂಸಿ ಸಭೆಯಲ್ಲೋ ಪಾಲಕರ ಸಭೆಯಲ್ಲೋ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳಿವೆ. ಮನಸ್ಸಿನ ಬಗೆಗಿನ ಉತ್ತರಗಳು ಮಗುವಿನ ಹೆಸರಿನ ಜೊತೆ ಉಳಿಯುತ್ತವಾ, ಬರೀ ಶಾಲೆಯ ಒಟ್ಟು ಲೆಕ್ಕದಲ್ಲಿ ಸೇರುತ್ತವಾ? ಪರೀಕ್ಷೆಗೆ ಮೊದಲು ಅದೇ ಮೌಸು, ಅದೇ ಸ್ಕ್ರೀನಿನ ಮೇಲೆ ಮಕ್ಕಳಿಗೆ ಆಡಿ ನೋಡಲು ಬಿಡುತ್ತಾರಾ? ಇಂಥ ಪ್ರಶ್ನೆಗೆ ಉತ್ತರ ಕೊಡದೆ ಬಿಡುವ ಹಕ್ಕು ಮಗುವಿಗೆ ಇದೆಯಾ? ಪರೀಕ್ಷೆ ಮುಗಿದ ಮೇಲೆ ಆ ದಾಖಲೆ ಎಲ್ಲಿ ಇರುತ್ತದೆ, ಯಾವಾಗ ಅಳಿಸುತ್ತಾರೆ? ಹೆಡ್ ಮಾಸ್ತರರಿಗೆ ಉತ್ತರ ಗೊತ್ತಿಲ್ಲದಿದ್ದರೆ ಪರೀಕ್ಷೆ ತಂದವರಿಂದ ಅದನ್ನು ಬರೆದು ತರಿಸಿಕೊಳ್ಳಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಅದಾದ ಮೇಲೆ.